ಬಡತನ ಕಲಿಯಾಕ ಬಂದ ಹುಡುಗ್ಯಾರು

"ಪರದೇಶದ ಹುಡುಗ್ಯಾರು ಬರತಾರ. ನಮ್ಮನ್ಯಾಗ ಇಟ್ಟಗೊಳ್ರಿ. ಸಂಘದಾಗ ಮಾತು ಕೊಟ್ಟೀನಿ."

ನನ್ನ ಹೆಂಡತಿ ಕಡೀಕ ಆಡಿದ ಮಾತು ಇದು. ಅವತ್ತ ರಾತ್ರಿ ಕಣ್ಣು ಮುಚ್ಚಿದಳು.

ಎರಡು ತಿಂಗಳಿಗೆ ಅವರು ಬಂದರು. ಕೆನಡಾದವರು ಇಬ್ಬರು, ಒಬ್ಬಾಕಿ ಉದ್ದ, ಒಬ್ಬಾಕಿ ಗಿಡ್ಡ. ಅವರ ಮಾತು ನಮಗ ತಿಳಿಸಾಕ ಧಾರವಾಡದ ಕಾಲೇಜಿನಾಕಿ ಒಬ್ಬಾಕಿ. ಜಗತ್ತು ಬಾಜೂಕ ಸರಿಸಿದ ಬಡ ಮಂದಿ ಜೋಡಿ ಇದ್ದು, ದುಡದು, ಕಲೀಬೇಕಂತ ಬಂದವರು. ಇಂಥವರು ಮನ್ಯಾಗಿದ್ರ ದಿನಕ್ಕೊಂದು ನಗಿ ತಪ್ಪೂದಿಲ್ಲ. ನನಗ ನಗೂ ಮನಸ್ಸಿರಲಿಲ್ಲ. ಆದ್ರೂ ನಕ್ಕೆ.

ಮೂರು ಹೊತ್ತು

ನನಗ ಮಾಡಾಕ ಬರೂದು ಚಾ ಒಂದ. ಮುಂಜಾನೆ ಚಾ, ಬಿಸ್ಕೀಟು. ಮಧ್ಯಾಹ್ನ ಚಾ, ಬಿಸ್ಕೀಟು. ಸಂಜೀಕೂ ಅದ. ಮೂರು ದಿನ ಪಿಟ್ ಅನ್ನದ ತಿಂದರು. ಗಿಡ್ಡಾಕಿ ಬರಕೊಂಡದ್ದನ್ನ ಧಾರವಾಡದಾಕಿ ಓದಿ ಹೇಳಿದಳು: "ಈ ಊರವರು ಮೂರೂ ಹೊತ್ತು ಬಿಸ್ಕೀಟು ತಿಂದು ಬದುಕತಾರ. ಆದರೂ ಗಟ್ಟಿ ಅದಾರ."

ಸುದ್ದಿ ಮಹಿಳಾ ಸಂಘದ ಅಧ್ಯಕ್ಷಿ ಕಿವಿಗೆ ಬಿತ್ತು. ಓಡಿ ಬಂದಳು.

"ಅಣ್ಣಾ, ನಮ್ಮ ತಂಬೂರು ಊರಿನ ಮರ್ಯಾದಿ ಚಾದಾಗ ಅದ್ದಿ ತಿಂದ್ಯಲ್ಲ! ರೊಟ್ಟಿ ಬಡ್ಯಾವರಿಲ್ಲದ ಮನ್ಯಾಗ ಹೆಂಗ ಇರತಾರ? ಐತವಾರ ಅವರನ್ನ ನಮ್ಮನಿಗೆ ಕರಕೊಂಡು ಹೊಕ್ಕೀನಿ."

ಅವರು ಹೋದ್ರ ಹೆಂಡತಿ ಕೊಟ್ಟ ಮಾತು ಮುರದಂಗ. ಆದ್ರ ಅಧ್ಯಕ್ಷಿ ಹೇಳಿದ್ದು ಖರೆ ಇತ್ತು. ಹೂಂ ಅಂದೆ.

ಸೊಟ್ಟ ಸಾಲು

ಗದ್ದ್ಯಾಗ ಉದ್ದಾಕಿ ಭತ್ತದ ಸಸಿ ಹಚ್ಚಿದ್ದು ಹಾವು ಹರದಂಗಿತ್ತು. ಹೆಣ್ಣಾಳು ನಕ್ಕರು. ಆಕಿ ಎಲ್ಲಾ ಕಿತ್ತು ಮತ್ತ ಹಚ್ಚಿದಳು. ಮತ್ತ ಸೊಟ್ಟ. ಮತ್ತ ಕಿತ್ತಳು. ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯೂದರಾಗ ದಾರ ಹಿಡದಂಗ ಸಾಲು ಬಂತು. ಬಾಗಿದ ನಡಾ ಬಾಗಿದಂಗ ಮನಿಗೆ ನಡದಳು. ಅಂಥ ಛಲ ನಾ ನೋಡಿಲ್ಲ.

ಒಬ್ಬ ಆಳಿನಾಕಿ ಕೇಳಿದಳು: "ಇವರಿಗೆ ಪಗಾರ ಎಷ್ಟರಿ?"

"ಪಗಾರಿಲ್ಲವ್ವಾ. ತಮ್ಮ ಖರ್ಚಿನಾಗ ವಿಮಾನ ಹತ್ತಿ ಬಂದಾರ."

"ಅಯ್ಯ ನಮ್ಮವ್ವಾ! ಕೆಸರು ತುಳಿಯಾಕ ವಿಮಾನ? ಹೇಳಿ ಕಳಿಸಿದ್ರ ನಾವ ಹೋಗಿ ತುಳದು ಬರತಿದ್ವಿ!"

ಒಂದು ಪ್ರಶ್ನೆ

ಶನಿವಾರ ಮೂವರೂ ಹಾಳಿ ಹಿಡಕೊಂಡು ಓಣಿ ಓಣಿ ತಿರುಗಿದರು. ಎಲ್ಲಾರಿಗೂ ಒಂದ ಪ್ರಶ್ನೆ: "ಈ ಊರಾಗ ದಿಕ್ಕಿಲ್ಲದವರು ಯಾರು?" ಸಂಜೀಕ ಮನಿಗೆ ಬಂದು ನನ್ನೂ ಕೇಳಿದರು.

ನಾ ತಡದು ತಡದು ವಿಚಾರ ಮಾಡಿದೆ. "ನೀವ," ಅಂದೆ. "ಅವ್ವ ಅಪ್ಪನ್ನ ಬಿಟ್ಟು ಬಂದೀರಿ. ಹೊಟ್ಟಿಗೆ ಬಿಸ್ಕೀಟು. ನಿಮ್ಮಕಿಂತ ಪಾಪದವರು ಯಾರದಾರ?"

ಧಾರವಾಡದಾಕಿ ನಕ್ಕು ನಕ್ಕು ಕುಂತಬಿಟ್ಟಳು. ಹಾಳಿ ತೋರಿಸಿದಳು. "ಕಾಕಾ, ಒಬ್ಬರೂ ತಮ್ಮ ಹೆಸರು ಹೇಳಿಲ್ರಿ. ಗುಡಿಸಲದಾಗಿನ ಮುದುಕಿನೂ ಹೇಳಿಲ್ಲ. ಎಲ್ಲಾರೂ ನಿಮ್ಮ ಹೆಸರ ಹೇಳ್ಯಾರ."

"ಚೊಲೊ ಆತು," ಅಂದೆ. "ದಿಕ್ಕಿಲ್ಲದವರೆಲ್ಲಾ ಒಂದ ಮನ್ಯಾಗ ಅದೀವಿ."

ಇದನ್ನ ತಿಳಿಸಿ ಹೇಳಿದ ಮ್ಯಾಲ ಕೆನಡಾದವರೂ ನಕ್ಕರು. ಆಮ್ಯಾಲ ಗಿಡ್ಡಾಕಿ ಏನೋ ಅಂದಳು. ಧಾರವಾಡದಾಕಿ ಹೇಳಿದಳು: "ನಾವು ಯಾರನ್ನ ಹುಡುಕಿ ಬಂದಿವೋ ಅವರು ಇಲ್ಲೇ ಅದಾರ, ಈ ಮನಿ ಬಿಟ್ಟು ಹೋಗೂದಿಲ್ಲ ಅಂತಾಳ್ರಿ. ಚಾ ಬಿಸ್ಕೀಟ ಸಾಕಂತ."



ಮರುದಿನ ಮುಂಜಾನೆ ಪುಟ್ಟಿ ತುಂಬ ಜ್ವಾಳದ ಹಿಟ್ಟು ಹೊತ್ತು ಅಧ್ಯಕ್ಷಿ ಮನಿಗೆ ಹೋದೆ.

"ಹುಡುಗ್ಯಾರೆಲ್ಲಿ ಅಣ್ಣಾ?" ಅಂದಳು.

"ಅವರು ಬರೂದಿಲ್ಲ. ನಾ ಬಂದೀನಿ. ರೊಟ್ಟಿ ಬಡ್ಯಾಕ ಕಲಿಸು," ಅಂದು, ಅಂಗಿ ತೋಳು ಮ್ಯಾಲೇರಿಸಿ ಆಕಿ ಒಲಿ ಮುಂದ ಕುಂತೆ.