ಎರಡನೇ ಸಲ ಕೇಳದ ದೇಶದಲ್ಲಿ ನನ್ನ ಅಕ್ಕನ ಮಗಳು

ಮಾನ್ಯ ಓದುಗರಲ್ಲಿ ವಿನಂತಿ.

ಪ್ರಾರಂಭದಲ್ಲಿಯೇ ಕ್ಷಮೆ ಕೋರುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಕಾಗುಣಿತದ ವಿಷಯದಲ್ಲಿ ನನಗೇ ಪೂರ್ಣ ಭರವಸೆಯಿಲ್ಲ. ನರಸಿಂಹರಾಜಪುರದ ಒಂದು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ಪತ್ರ ಬರೆದವನು ನಾನು. ಆ ಪತ್ರಗಳನ್ನು ಓದಿ ಯಾರಾದರೂ ನಕ್ಕ ಬಗ್ಗೆ ದಾಖಲೆಯಿಲ್ಲ. ಪ್ರಬಂಧವೆಂಬುದನ್ನು ಬರೆಯುತ್ತಿರುವುದು ಇದೇ ಪ್ರಥಮ. ಮೇಲ್ಗಡೆ "ವಿಷಯ" ಎಂದು ಬರೆದು ಅಡಿಗೆರೆ ಎಳೆಯುವ ಆಸೆಯನ್ನು ಬಹಳ ಪ್ರಯಾಸದಿಂದ ತಡೆದುಕೊಂಡಿದ್ದೇನೆ.

ವಿಷಯವೇನೆಂದರೆ, ನನ್ನ ಅಕ್ಕನ ಮಗಳು. "ಬೇಡ" ಎಂಬ ಒಂದೇ ಪದದ ಬಲದಿಂದ, ಯಾವ ವ್ಯಾಯಾಮವನ್ನೂ ಮಾಡದೆ, ಹತ್ತು ವಾರಗಳಲ್ಲಿ ಆರು ಕಿಲೋ ತೂಕ ಇಳಿಸಿದ ವ್ಯಕ್ತಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ಇವಳೊಬ್ಬಳೇ ಎಂದು ದೃಢೀಕರಿಸಲು ನಾನು ಸಿದ್ಧನಿದ್ದೇನೆ. ಹೆಸರನ್ನು ನಮೂದಿಸಬಾರದೆಂದು ಆಕೆ ಷರತ್ತು ವಿಧಿಸಿರುವುದರಿಂದ ಇನ್ನು ಮುಂದೆ ಆಕೆಯನ್ನು "ಸದರಿ ಹುಡುಗಿ" ಎಂದು ಕರೆಯಲಾಗುವುದು.

ನಮ್ಮ ಕಡೆಯ ಉಪಚಾರದ ಕ್ರಮ ತಿಳಿಯದವರಿಗಾಗಿ ಒಂದು ಮಾತು. ತಿನ್ನಲು ಏನನ್ನಾದರೂ ಕೊಟ್ಟಾಗ ಮೊದಲನೇ ಸಲ "ಬೇಡ" ಎನ್ನುವುದು ಮರ್ಯಾದೆ. ಎರಡನೇ ಸಲ "ಈಗಷ್ಟೇ ಆಯ್ತು" ಎನ್ನಬೇಕು. ಮೂರನೇ ಸಲಕ್ಕೆ "ಸರಿ, ಒಂಚೂರು ಹಾಕಿ" ಎಂದು ಸೋಲಬಹುದು. ಬಡಿಸುವವರೂ ಇದನ್ನು ಬಲ್ಲವರೇ. ಒಂದು ಸಲ ಬೇಡವೆಂದ ಮಾತ್ರಕ್ಕೆ ಪಾತ್ರೆ ಎತ್ತಿಕೊಂಡು ಮುಂದೆ ಹೋಗುವ ಮನೆಗೆ ಹೆಣ್ಣು ಕೊಡಲು ಹತ್ತು ಸಲ ಯೋಚಿಸುತ್ತಾರೆ. ನಿಜವಾಗಿಯೂ ಬೇಡದವನು ಎಲೆಯ ಮೇಲೆ ಅಡ್ಡಬಗ್ಗಿ ಎರಡೂ ಕೈಗಳಿಂದ ಅದನ್ನು ರಕ್ಷಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಸದರಿ ಹುಡುಗಿ ಈ ಶಾಸ್ತ್ರದಲ್ಲಿ ಪಾರಂಗತಳು. ಶೃಂಗೇರಿಯ ಒಂದು ಮದುವೆಯಲ್ಲಿ ಒಂಬತ್ತು ಸಲ ಬೇಡವೆಂದು ಏಳು ಹೋಳಿಗೆ ತಿಂದದ್ದಕ್ಕೆ ಪಕ್ಕದ ಎಲೆಯಲ್ಲಿದ್ದ ನಾನೇ ಸಾಕ್ಷಿ.

ಇಂಥವಳಿಗೆ, ಅರಣ್ಯಶಾಸ್ತ್ರದ ಪದವಿ ಓದುತ್ತಿರುವಾಗ, ಹತ್ತು ತಿಂಗಳ ಮಟ್ಟಿಗೆ ಫಿನ್‌ಲ್ಯಾಂಡ್ ದೇಶದಲ್ಲಿ ವ್ಯಾಸಂಗ ಮಾಡುವ ಅವಕಾಶ ಒದಗಿತು. ನಾನು ನಾರ್ವೆಯಲ್ಲಿರುವ (ಇದು ನಮ್ಮ ಕೊಪ್ಪ ತಾಲ್ಲೂಕಿನ ಊರು, ದೇಶವಲ್ಲ) ಅಕ್ಕನ ಮನೆಗೆ ಹೋಗಿ ವಿಷಯ ಮಂಡಿಸಿದೆ.

"ನಿಂಗೆ ಹೋಗೂಕೆ ಮನಸ್ಸಿದ್ಯಾ?" ಎಂದು ಅಕ್ಕ ಮಗಳನ್ನು ಕೇಳಿದಳು.

"ಬೇಡ ಬಿಡಮ್ಮ. ಹೋಗ್ದಿದ್ರೂ ನಡೀತದೆ" ಎಂದಳು ಸದರಿ ಹುಡುಗಿ. ಆ ಹೊತ್ತಿಗೆ ಆಕೆಯ ಪಾಸ್‌ಪೋರ್ಟ್ ಬಂದು ಮೂರು ವಾರವಾಗಿತ್ತು.

ಬೇಡವೆಂಬುದರ ನಿಜಾರ್ಥವನ್ನು ನಾನು ವಿವರಿಸಬೇಕಾಯಿತು. ಭಾವನವರು ಯಥಾಪ್ರಕಾರ ಮೌನವಾಗಿದ್ದು ಅನುಮೋದಿಸಿದರು. ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

"ಕಳಿಸ್ತೀನಿ. ಆದ್ರೆ ಇವಳು ಸೊರಗಿದ್ದು ನಂಗೆ ಕಂಡ ದಿನ ವಾಪಸ್ ಕರೆಸ್ತೀನಿ. ಆಮೇಲೆ ಪರೀಕ್ಷೆ ಗಿರೀಕ್ಷೆ ಅಂತ ನೀನು ನಡುವೆ ಬರೂ ಹಂಗಿಲ್ಲ."

ಷರತ್ತಿಗೆ ನಾನು ಒಪ್ಪಿದೆ. ಅಂದರೆ ಸದರಿ ಹುಡುಗಿಯ ಇಡೀ ವಿದ್ಯಾಭ್ಯಾಸವು ಆಕೆಯ ಎರಡು ಕೆನ್ನೆಗಳ ಮೇಲೆ ನಿಂತಿತು.

ಅಲ್ಲಿ ಆಕೆಗೆ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆ ಕೋಣೆ ದೊರೆಯಿತು. ಅಜ್ಜಿ ನಿವೃತ್ತ ಶಿಕ್ಷಕಿ, ಒಬ್ಬರೇ ಇರುವವರು. ಹೋದ ದಿನ ಸಂಜೆಯೇ, ಕಾಡಿನ ನೀಲಿ ಹಣ್ಣುಗಳನ್ನು ತುಂಬಿ ಬೇಯಿಸಿದ, ಹಬೆಯಾಡುವ ಒಂದು ಭಕ್ಷ್ಯವನ್ನು ಮೇಜಿನ ಮೇಲಿಟ್ಟು "ತಿನ್ನುತ್ತೀಯಾ?" ಎಂದರು. ಎರಡು ವಿಮಾನ, ಒಂದು ರೈಲು ಹತ್ತಿ ಇಳಿದು ಹಸಿದಿದ್ದ ಸದರಿ ಹುಡುಗಿ ನಸುನಕ್ಕು, ತಲೆ ತಗ್ಗಿಸಿ, "ಬೇಡ" ಎಂದಳು. ಅಜ್ಜಿ "ಸರಿ" ಎಂದು ತಟ್ಟೆಯನ್ನು ಎತ್ತಿ ಒಳಗಿಟ್ಟುಬಿಟ್ಟರು.

"ಮಾವ, ಇಲ್ಲಿ ಎರಡನೇ ಸಲ ಕೇಳೂದೇ ಇಲ್ಲ ಮಾರಾಯ್ರೆ" ಎಂದು ಮರುದಿನ ಫೋನಿನಲ್ಲಿ ಹೇಳಿದಳು. ಧ್ವನಿಯಲ್ಲಿ ಸ್ಪಷ್ಟವಾದ ಹಸಿವಿತ್ತು.

"ಬಾಗಿಲ ಹತ್ರ ಸ್ವಲ್ಪ ನಿಂತು ನೋಡ್ಬೇಕಿತ್ತು."

"ನಿಂತೆ. ಚಳಿಯಾಗ್ತದಾ ಅಂತ ಕೇಳಿ ಕಂಬಳಿ ಕೊಟ್ರು."

ಸಹಪಾಠಿಗಳು ಕೇಳಿದರೂ ಬೇಡ. ಕಾಲೇಜಿನ ಕ್ಯಾಂಟೀನಿನಲ್ಲಿ "ಇನ್ನೂ ಎರಡು ಆಲೂಗಡ್ಡೆ?" ಎಂದರೂ ಬೇಡ. ನಾಲಿಗೆಯು ಯಜಮಾನಿಯ ಅಪ್ಪಣೆ ಕೇಳದೆ ತಾನೇ ಉತ್ತರಿಸಿಬಿಡುತ್ತಿತ್ತು. ಊರಿನಿಂದ ಒಯ್ದ ಚಕ್ಕುಲಿ, ಹಪ್ಪಳಗಳು ತಿಂಗಳೊಳಗೆ ಮುಗಿದವು. ಹಪ್ಪಳವನ್ನು ಕೊನೆಕೊನೆಗೆ ಹಸಿಯಾಗಿಯೇ ತಿಂದಳೆಂದು ನಂತರದ ವಿಚಾರಣೆಯಲ್ಲಿ ತಿಳಿದುಬಂತು.

ಇತ್ತ ಪ್ರತಿ ಭಾನುವಾರ ವೀಡಿಯೋ ಕರೆಯಲ್ಲಿ ಅಕ್ಕನ ತಪಾಸಣೆ ನಡೆಯುತ್ತಿತ್ತು. ಅಕ್ಕ ಫೋನನ್ನು ದೋಸೆಹಿಟ್ಟಿನ ಪಾತ್ರೆಗೆ ಒರಗಿಸಿ, ಕನ್ನಡಕ ಏರಿಸಿ, "ಎಡಕ್ಕೆ ತಿರುಗು. ಈಗ ಬಲಕ್ಕೆ" ಎನ್ನುತ್ತಿದ್ದಳು. ಆರನೇ ವಾರದಿಂದ ಸದರಿ ಹುಡುಗಿ ಎರಡೂ ದವಡೆಗಳಲ್ಲಿ ಬ್ರೆಡ್ ತುಂಬಿಕೊಂಡು ಹಾಜರಾಗತೊಡಗಿದಳು.

"ಕೆನ್ನೆ ಇದೆ. ಕುತ್ತಿಗೆ ಎಲ್ಲಿ ಹೋಯ್ತು?" ಎಂದಳು ಅಕ್ಕ.

ಮುಂದಿನ ವಾರ ಕುತ್ತಿಗೆಗೆ ಶಾಲು ಬಂತು. ಅದರ ಮುಂದಿನ ವಾರ, "ಶಾಲು ತೆಗಿ" ಎಂದು ಆದೇಶವಾಯಿತು. ಹತ್ತನೇ ವಾರ, ಬಾಯಲ್ಲಿ ಬ್ರೆಡ್ಡಿರುವಾಗಲೇ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕಾದ ಪ್ರಶ್ನೆಯೊಂದನ್ನು ಅಕ್ಕ ಕೇಳಿದಳು. ಎಲ್ಲವೂ ಬಯಲಾಯಿತು.

"ಮುಂದಿನ ಭಾನುವಾರ ನೋಡ್ತೀನಿ. ಹಿಂಗೇ ಇದ್ರೆ ಟಿಕೆಟ್ ಮಾಡ್ಸು. ಸಾಕು ಓದಿದ್ದು" ಎಂದು ಫೋನನ್ನು ಅಂಗಾತ ಮಲಗಿಸಿದಳು.

ಉಳಿದದ್ದು ಏಳು ದಿನ. ನಾನು ತಡಮಾಡದೆ ಒಂದು ಸುತ್ತೋಲೆಯನ್ನು ಸಿದ್ಧಪಡಿಸಿ ವಾಟ್ಸಾಪಿನಲ್ಲಿ ಕಳುಹಿಸಿದೆ: "ತಿನ್ನುವ ಪದಾರ್ಥಗಳಿಗೆ ಸಂಬಂಧಿಸಿದಂತೆ, ಇನ್ನು ಮುಂದೆ ಮೊದಲನೇ ಸಲ ಕೇಳಿದಾಗಲೇ 'ಬೇಕು' ಎಂದು ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಉಂಟಾಗುವ ಪರಿಣಾಮಗಳಿಗೆ ತಾವೇ ಹೊಣೆ." ನಂತರ ಕೊಪ್ಪದ ಬಸ್ ನಿಲ್ದಾಣದಿಂದ ಫೋನ್ ಮಾಡಿ ತಾಲೀಮು ಆರಂಭಿಸಿದೆ.

"ಈಗ ನಾನು ಆ ಅಜ್ಜಿ ಅಂತ ತಿಳ್ಕೊ. ಸೂಪು ತಿಂತೀಯಾ ಕೂಸೆ?"

"ಬೇಡ ಮಾವ, ಈಗಷ್ಟೇ ಆಯ್ತು."

"ಅಯ್ಯೋ ಮಾರಾಯ್ತಿ, ಬೇಕು ಅನ್ನು. ಇನ್ನೊಂದ್ಸಲ. ಬೇಕು. ನಂಗೆ ಬೇಕು!"

ನನ್ನ ಧ್ವನಿ ಏರಿದ್ದು ನನಗೇ ತಿಳಿಯಲಿಲ್ಲ. ಎದುರಿನ ಬೇಕರಿಯ ಸಾಹೇಬರು ನನಗೆ ಬಹುಕಾಲದ ಪರಿಚಿತರು. ಬೆಣ್ಣೆ ಬನ್ನನ್ನು ಕಾಗದದಲ್ಲಿಟ್ಟುಕೊಂಡು ಧಾವಿಸಿ ಬಂದರು.

"ಎಂತ ಸಾರ್, ಬೇಕಾದ್ರೆ ಮೆಲ್ಲಗೆ ಹೇಳಿದ್ರೆ ಸಾಕಿತ್ತು. ಬಸ್‌ಸ್ಟ್ಯಾಂಡಿಗೆಲ್ಲ ಕೇಳೂ ಹಂಗೆ ಕೂಗೂದಾ? ತಗೊಳ್ಳಿ."

"ಬೇಡ ಸಾಹೇಬ್ರೆ, ಈಗಷ್ಟೇ ಆಯ್ತು" ಎಂದೆ.

ಫೋನಿನ ಆ ತುದಿಯಲ್ಲಿ ಸದರಿ ಹುಡುಗಿ ನಕ್ಕ ಸದ್ದು ನನಗೂ ಸಾಹೇಬರಿಗೂ ಕೇಳಿಸಿತು. ಸಾಹೇಬರು ಮತ್ತೆರಡು ಸಲ ಒತ್ತಾಯಿಸಿದ ಕಾರಣ ನಾನು ಎರಡು ಬನ್ ತಿಂದೆನೆಂಬುದನ್ನು ಸತ್ಯನಿಷ್ಠೆಯಿಂದ ನಮೂದಿಸುತ್ತೇನೆ.

ಅದೇ ವಾರ ತರಗತಿಯವರನ್ನೆಲ್ಲ ಉತ್ತರದ ಕಾಡುಗಳನ್ನು ತೋರಿಸಲು ರೈಲಿನಲ್ಲಿ ಕರೆದೊಯ್ದರು. ಸದರಿ ಹುಡುಗಿಯ ಚೀಲದಲ್ಲಿ, ಕಷ್ಟಕಾಲಕ್ಕೆಂದು ಊರಿನದರಲ್ಲಿ ಉಳಿಸಿಟ್ಟ ಕಟ್ಟಕಡೆಯ ಒಂದು ಪೊಟ್ಟಣ ಒಗ್ಗರಣೆ ಅವಲಕ್ಕಿಯಿತ್ತು. ಆದರೆ ಎದುರಿಗೊಬ್ಬರು ಕುಳಿತಿರುವಾಗ ಅವರಿಗೆ ಕೊಡದೆ ತಿನ್ನುವುದುಂಟೆ? ಎದುರಿನ ಆಸನದಲ್ಲಿದ್ದ, ಗಡ್ಡದ, ಅಪರಿಚಿತ ಗೃಹಸ್ಥರಿಗೆ ಪೊಟ್ಟಣ ಚಾಚಿದಳು. ಬೇಡವೆಂದರು. ಮತ್ತೆ ಚಾಚಿದಳು. ಬೇಡವೆಂದರು. ಮೂರನೇ ಸಲ ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿ ಅವರ ಕೈಯಲ್ಲೇ ಇಟ್ಟಳು. ಅವರು ಎದ್ದು ಮುಂದಿನ ಬೋಗಿಗೆ ಹೋಗಿಬಿಟ್ಟರು. ಅವಲಕ್ಕಿಯ ಕಾರಣಕ್ಕೆ ಒಬ್ಬ ಪ್ರಜೆಯು ಸ್ಥಳಾಂತರಗೊಂಡ ಪ್ರಸಂಗ ಆ ದೇಶದಲ್ಲಿ ಇದೇ ಮೊದಲಿರಬೇಕು.

ಹತ್ತು ನಿಮಿಷದ ನಂತರ ಅವರು ಖಾಲಿ ಕಾಗದ ಹಿಡಿದು ವಾಪಸ್ ಬಂದು, ನಿಂತೇ ಕೇಳಿದರು: "ಇನ್ನೂ ಇದೆಯೇ? ನನಗೆ ಬೇಕು."

"ಕೇಳಿದ್ರು ಮಾವ" ಎಂದಳು ಫೋನಿನಲ್ಲಿ. "ನಾಚಿಕೆ ಇಲ್ಲ, ಸಂಕೋಚ ಇಲ್ಲ. ಬೇಡ ಅನ್ಸಿದಾಗ ಬೇಡ ಅಂದ್ರು, ಬೇಕು ಅನ್ಸಿದಾಗ ಬಂದು ಕೇಳಿದ್ರು. ಅಷ್ಟೇ. ಯಾರೂ ಅವರನ್ನ ಕೆಟ್ಟವರು ಅನ್ಲಿಲ್ಲ."

"ಅವಲಕ್ಕಿ?"

"ಎಲ್ಲ ಖಾಲಿ. ಅರ್ಧ ಅವರೇ ತಿಂದ್ರು."

ಶನಿವಾರ ಸಂಜೆ ಮನೆಗೆ ಮರಳಿದವಳು ನೇರ ಅಡುಗೆಮನೆಯ ಬಾಗಿಲು ತಟ್ಟಿ, ಅಜ್ಜಿಗೆ ಹೇಳಿದಳಂತೆ: "ನನಗೆ ಹಸಿವಾಗಿದೆ. ನಿಮ್ಮ ಸೂಪು ನನಗೆ ಬೇಕು." ಹೇಳುವಾಗ ಕಿವಿಯವರೆಗೆ ಬಿಸಿಯೇರಿತ್ತಂತೆ. ಅಜ್ಜಿ ಸೌಟು ಹಿಡಿದು ಹಾಗೆಯೇ ನಿಂತರು. ಎರಡು ತಿಂಗಳಿಂದ, ತಮ್ಮ ಅಡುಗೆ ಈ ಹುಡುಗಿಗೆ ಸೇರುವುದಿಲ್ಲವೆಂದು ತಿಳಿದು, ವಾಸನೆಯಿಂದ ತೊಂದರೆಯಾಗದಿರಲೆಂದು ಬಾಗಿಲು ಮುಚ್ಚಿ ಒಬ್ಬರೇ ಉಣ್ಣುತ್ತಿದ್ದರಂತೆ. ಅಂದು ನಾಲ್ಕು ಬಟ್ಟಲು ಸೂಪು, ಲೆಕ್ಕವಿಡಲಾಗದಷ್ಟು ರೊಟ್ಟಿ ಖರ್ಚಾದವು.

ಭಾನುವಾರದ ತಪಾಸಣೆಗೆ ಅಜ್ಜಿಯೂ ಹಾಜರಾದರು. ಒಂದೇ ದಿನದಲ್ಲಿ ಕೆನ್ನೆ ತುಂಬುವುದಿಲ್ಲವಷ್ಟೆ. ಆದರೆ ಮಗಳು ತಾಯಿಯ ಕಣ್ಣೆದುರಿಗೇ ಎರಡು ತಟ್ಟೆ ಮುಗಿಸಿದಳು. ಅಕ್ಕ ಫೋನಿನತ್ತ ಬಗ್ಗಿ, ಅಚ್ಚ ಕನ್ನಡದಲ್ಲಿ, "ಇವಳು ಬೇಡ ಅಂದ್ರೆ ನಂಬ್ಬೇಡಿ ಅಮ್ಮ, ಹಾಕ್ತಾ ಇರಿ" ಎಂದಳು. ಅಜ್ಜಿ ತಮ್ಮ ಭಾಷೆಯಲ್ಲಿ ಏನೋ ಹೇಳಿ, ಇನ್ನೊಂದು ಸೌಟು ಬಡಿಸಿದರು. ಟಿಕೆಟ್ ವಿಚಾರವನ್ನು ಕೈಬಿಡಲಾಯಿತು.

ಹತ್ತು ತಿಂಗಳು ಮುಗಿಸಿ ಸದರಿ ಹುಡುಗಿ ಊರಿಗೆ ಬಂದಳು. ಮೂರನೇ ದಿನ ಬೆಳಿಗ್ಗೆ ನಾರ್ವೆಯ ಅಡುಗೆಮನೆಯಲ್ಲಿ ಅಕ್ಕ ದೋಸೆ ಹೊಯ್ಯುತ್ತಿದ್ದಳು, ನಾನು ತಿನ್ನುತ್ತಿದ್ದೆ. ಆಕೆ ಬಂದು ತಾಯಿಯ ಎದುರು ನಿಂತಳು.

"ಅಮ್ಮ, ಅಲ್ಲೇ ಇನ್ನೆರಡು ವರ್ಷ ಓದೂದಿದೆ. ನಂಗೆ ಹೋಗ್ಬೇಕು."

ಪೀಠಿಕೆಯಿಲ್ಲ, ಸುತ್ತುಬಳಸಿಲ್ಲ. ತನಗೆ ಇಂಥದ್ದು ಬೇಕೆಂದು ಆ ಮನೆಯಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ಒಪ್ಪಲಾರಳೆಂದು, ನಾನು ಕೈ ಒರೆಸಿಕೊಂಡು ಶಿಫಾರಸಿನ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ.

ಅಕ್ಕ ದೋಸೆ ಮಗುಚಿ, "ಹೋಗು" ಎಂದಳು.

ಹುಡುಗಿ ಕುಣಿಯುತ್ತಾ ತಂದೆಗೆ ತಿಳಿಸಲು ಹೊರಗೆ ಓಡಿದಳು. ನನ್ನ ಶಿಫಾರಸು ಮಂಡನೆಯಾಗದೆ ಉಳಿಯಿತು. "ಅಲ್ಲ ಅಕ್ಕ, ಹಂಗೆ ಒಂದೇ ಮಾತಿಗೆ ಒಪ್ಪಿದ್ಯಲ್ಲ" ಎಂದೆ.

ಅಕ್ಕ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ.

"ಪಿಯುಸಿ ಮುಗಿದಾಗ ಅಪ್ಪ ನನ್ನನ್ನೂ ಕೇಳಿದ್ರು ಮಾರಾಯ. ಶಿವಮೊಗ್ಗಕ್ಕೆ ಹೋಗಿ ಓದ್ತೀಯಾ ಅಂತ. ಬೇಡ ಅಪ್ಪ ಅಂದೆ. ಇನ್ನೊಂದ್ಸಲ ಕೇಳ್ತಾರೆ ಅಂತ ಬಾಗಿಲ ಹಿಂದೆ ನಿಂತಿದ್ದೆ. ಅವರು ಚಪ್ಪಲಿ ಹಾಕ್ಕೊಂಡು ಗದ್ದೆಗೆ ಹೋದ್ರು."

ಅದಾದ ಎರಡು ವರ್ಷಕ್ಕೆ ಶಿವಮೊಗ್ಗಕ್ಕೆ ಓದಲು ಹೋಗುವ ನನ್ನ ಸರದಿ ಬಂದಿತ್ತು. ನನ್ನನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ. ಟ್ರಂಕು ಸಿದ್ಧವಾಗಿತ್ತು. ಅದರೊಳಗೆ ನನ್ನ ಅಂಗಿಗಳನ್ನು ಮಡಚಿ ಇಟ್ಟವಳು ಅಕ್ಕ.

ನಾನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕುಳಿತೆ. ಅಕ್ಕ ಏನನ್ನೂ ಕೇಳದೆ ಇನ್ನೊಂದು ದೋಸೆ ಹಾಕಿದಳು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ಓದುಗರು ದಯಮಾಡಿ ತಾವೇ ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ. ಅಕ್ಕನ ಮಾತನ್ನು ಮಾತ್ರ ಆಕೆ ಹೇಳಿದಂತೆಯೇ ಬರೆದಿದ್ದೇನೆ. ಅದನ್ನು ಹಾಗೆಯೇ ಬಿಡಬೇಕು.