ಇಬ್ಬರಿಗೆ ಎಷ್ಟು ಉಪ್ಪು?

ಇಬ್ರಾಹಿಂಸಾಬ: ಇಬ್ಬರಿಗೆ ಅಂದ್ರ ನನಗ ಬರೂದಿಲ್ಲಪಾ! ಐದನೂರ ಮಂದಿಗೆ ಕೇಳು, ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಹೇಳ್ತೇನಿ.

ಮಾನಪ್ಪ: ಲೇ, ನಮ್ಮ ಮನ್ಯಾಗ ಲಗ್ನಾ ಇಲ್ಲ. ಲಗ್ನಾ ಆಗಿ ಇವತ್ತಿಗೆ ಹತ್ತ ವರ್ಷ ಆತು.

ಇಬ್ರಾಹಿಂಸಾಬ: ಆವತ್ತೂ ಅಡಗಿ ನಂದ. ಆರನೂರ ಮಂದಿ ಉಂಡ್ರು. ಒಬ್ಬರರೆ ಉಪ್ಪಿನ ಮಾತ ಎತ್ತಿದ್ರೇನು?

ಈ ಜಗಳ ನಡೆದದ್ದು ಬಸವನ ಬಾಗೇವಾಡಿಯ ಲೈನ್‌ಮನ್ ಮಾನಪ್ಪನ ಅಡುಗೆಮನೆಯಲ್ಲಿ, ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳಲ್ಲಿ. ಮಾನಪ್ಪನಿಗೆ ಎಂಥ ಕಂಬವನ್ನಾದರೂ ಹತ್ತುವುದು ಗೊತ್ತು, ಒಲೆ ಹಚ್ಚುವುದು ಗೊತ್ತಿಲ್ಲ. ಅದಕ್ಕೇ ಮದುವೆಮನೆಗಳ ಅಡುಗೆಯವನಾದ ಬಾಲ್ಯದ ಗೆಳೆಯ ಇಬ್ರಾಹಿಂಸಾಬನನ್ನು ಎಳೆದು ತಂದಿದ್ದ. ಹೆಂಡತಿ ರಾಜೇಶ್ವರಿ ರಜೆಗೆಂದು ಮಕ್ಕಳನ್ನು ಕೊಲ್ಹಾರದ ತವರಿನಲ್ಲಿ ಬಿಟ್ಟು ಸಂಜೆ ಏಳರ ಬಸ್ಸಿಗೆ ಒಬ್ಬಳೇ ಬರುವವಳಿದ್ದಳು.

ಮಾನಪ್ಪ: ನೋಡ ದೋಸ್ತ, ಹತ್ತ ವರ್ಷದಾಗ ಆಕಿ ಒಮ್ಮೆರೆ ಬಿಸೀದ ಉಂಡಿದ್ದು ನಾ ನೋಡಿಲ್ಲ. ಎಲ್ಲಾರಿಗೂ ನೀಡಿ, ಕಡೀಕ ಬೋಗಾಣಿ ತಳಾ ಕೆರಕೊಂಡು ತಣ್ಣಂದ ತಿಂತಾಳ. ಇವತ್ತ ಆಕಿ ಮೊದಲ ಉಣಬೇಕು. ಬಿಸೀದ. ನಾ ಮಾಡಿದ್ದು.

ಇಬ್ರಾಹಿಂಸಾಬ: ನೀ ಮಾಡಿದ್ದು?

ಮಾನಪ್ಪ: ನಾ ಮಾಡಿಸಿದ್ದು. ಬದ್ನಿಕಾಯಿ ಎಣಗಾಯಿ, ಬಿಸಿ ಅನ್ನ. ರೊಟ್ಟಿ ಬಡಿಯೂದು ನಿನಗೂ ಬರೂದಿಲ್ಲ, ನನಗೂ ಬರೂದಿಲ್ಲ.

ಇಬ್ರಾಹಿಂಸಾಬ ತೋಳು ಮಡಚಿ ಒಲೆಯ ಮುಂದೆ ನಿಂತ. ಆರು ಬದನೆಕಾಯಿಯ ಆ ಪುಟ್ಟ ಬೋಗಾಣಿಯನ್ನು ಕಂಡು ಅವನಿಗೆ ನಗು ಬಂತು. ನಗುತ್ತಲೇ ಡಬ್ಬಿಗೆ ಕೈ ಹಾಕಿ, ರೂಢಿಯಂತೆ ಒಂದು ಮುಷ್ಟಿ ಉಪ್ಪು ಎಸೆದುಬಿಟ್ಟ.

ಮಾನಪ್ಪ: ಲೇ ಲೇ ಲೇ!

ಇಬ್ರಾಹಿಂಸಾಬ: ಅಂಜಬ್ಯಾಡ. ಉಪ್ಪ ಹೆಚ್ಚಾದ್ರ ಬದ್ನಿಕಾಯಿ ಹೆಚ್ಚ ಹಾಕೂದು. ಓಡು, ಎರಡ ಕಿಲೋ ತಾ.

ಮಾನಪ್ಪ ಓಡಿದ. ಎರಡು ಕಿಲೋ ಹಾಕಿದ ಮೇಲೆ ಖಾರ ಕಡಿಮೆಯಾಯಿತು. ಖಾರ ಹಾಕಿದ ಮೇಲೆ ಶೇಂಗಾಪುಡಿ ಸಾಲದಾಯಿತು. ಅದನ್ನೂ ಸುರಿದು ನೀರು ಬಿಟ್ಟಾಗ ಬೋಗಾಣಿಯೇ ಸಾಲದಾಯಿತು. ಇಬ್ರಾಹಿಂಸಾಬ ಸೈಕಲ್ ಹತ್ತಿ ಹೋಗಿ ಮದುವೆಮನೆಗಳಿಗೆ ಒಯ್ಯುವ ತನ್ನ ದೊಡ್ಡ ಡಬರಿ ಕಟ್ಟಿಕೊಂಡು ಬಂದ. ಡಬರಿ ಕಂಡದ್ದೇ ಅವನ ಮುಖಕ್ಕೆ ಕಳೆ ಬಂತು.

ಇಬ್ರಾಹಿಂಸಾಬ: ಈಗ ನೋಡು, ಕೈ ಆಡತೈತಿ! ಇನ್ನೂ ನಾಕ ಕಿಲೋ ಕಾಯಿ ತಾ. ಅಕ್ಕೀನೂ ತಾ.

ಮಾನಪ್ಪ: ಇನ್ನ ಉಪ್ಪಿನ ಡಬ್ಬಿ ಮುಟ್ಟಿದ್ರ ಕೈ ಮುರೀತೇನಿ, ಹೇಳೀನಿ.

ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟು, ಮತ್ತೆ ಓಡಿ ಕಾಯಿ, ಅಕ್ಕಿ ತಂದು ಸುರಿದು, ಮಾನಪ್ಪ ಜೇಬಿನಿಂದ ಎರಡು ಮೇಣಬತ್ತಿ ತೆಗೆದ.

ಇಬ್ರಾಹಿಂಸಾಬ: ಕರೆಂಟ ಇದ್ದಾಗ ಮೇಣಬತ್ತಿ ಯಾಕೋ?

ಮಾನಪ್ಪ: ಲೈಟ ತಗದು ಇದನ್ನ ಹಚ್ಚತಾರ. ಟೀವಿ ಸೀರಿಯಲ್‌ನಾಗ ನೋಡೀನಿ. ರೊಮ್ಯಾಂಟಿಕ್ ಅಂತಾರದಕ್ಕ.

ಇಬ್ರಾಹಿಂಸಾಬ: ಹಂಗಂದ್ರ?

ಮಾನಪ್ಪ: ಅಂದ್ರ… ಗಂಡಾ ಹೆಂಡ್ತಿ ಎದರಾಬದರಾ ಕುಂತು, ಮಾತಾಡದನ ಉಣ್ಣೂದು.

ಇಬ್ರಾಹಿಂಸಾಬ: ಅದನ್ನ ನಮ್ಮ ಮನ್ಯಾಗ ಜಗಳಾ ಆದಾಗ ಮಾಡ್ತೇವಿ.

ಏಳಕ್ಕೆ ಸರಿಯಾಗಿ ಮಾನಪ್ಪ ಮೇನ್ ಸ್ವಿಚ್ ಆರಿಸಿ ಮೇಣಬತ್ತಿ ಹಚ್ಚಿದ. ಓಣಿಯೆಲ್ಲ ಬೆಳಕಿದ್ದು ಲೈನ್‌ಮನ್‌ನ ಮನೆಯೊಂದೇ ಕತ್ತಲಾಯಿತು. ಹತ್ತೇ ನಿಮಿಷಕ್ಕೆ ರಾಜೇಶ್ವರಿ ಬಾಗಿಲಿಗೆ ಬಂದಳು. ನಡುಮನೆಯಲ್ಲಿ ಮಿಣುಕು ದೀಪ, ಒಲೆಯ ಮೇಲೆ ಡಬರಿ, ಪಕ್ಕದಲ್ಲಿ ಬೆವರಿದ ಗಂಡ. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ರಾಜೇಶ್ವರಿ: ಅಯ್ಯ ನಮ್ಮವ್ವ! ಯಾರ ಹೋದರ್ರಿ?

ಮಾನಪ್ಪ: ಯಾರೂ ಹೋಗಿಲ್ಲ! ಇದು ನಿನ್ನ ಸಲುವಾಗಿ.

ರಾಜೇಶ್ವರಿ: ನಾ ಇನ್ನೂ ಜೀವಂತ ಇದ್ದೇನಲ್ರಿ!

ಅವಳಿಗೆ ತಿಳಿಹೇಳುವಷ್ಟರಲ್ಲಿ ಎದುರುಮನೆಯ ಸುಮಿತ್ರಾಬಾಯಿ ಹೊಸ್ತಿಲ ಮೇಲಿದ್ದರು. ಅವರ ಹಿಂದೆ ಅರ್ಧ ಓಣಿ.

ಸುಮಿತ್ರಾಬಾಯಿ: ಮಾನಪ್ಪಾ, ಎಷ್ಟ ದಿನಾ ಇರೂದಿಲ್ಲ ಹೇಳಿಬಿಡು.

ಮಾನಪ್ಪ: ಏನು ಇರೂದಿಲ್ಲರಿ, ಕಾಕೂ?

ಸುಮಿತ್ರಾಬಾಯಿ: ಕರೆಂಟು! ನಿಮ್ಮ ಮನೀದ ಹೋಗೇತಿ ಅಂದಮ್ಯಾಲ ನಮ್ಮದು ಉಳೀತೈತೇನು? ಏನೋ ದೊಡ್ಡದ ಆಗೇತಿ. ಮಂದಿ ಆಗಲೇ ಹಿಟ್ಟಿನ ಗಿರಣಿಗೆ ಪಾಳಿ ಹಚ್ಯಾರ, ಕೊಡಾ ತುಂಬಸಾಕತ್ತಾರ.

ಮಾನಪ್ಪ: ಏನೂ ಆಗಿಲ್ಲರಿ, ನಾನ ತಗದೇನಿ.

ಸುಮಿತ್ರಾಬಾಯಿ: ನೀನ ತಗದಿ? ಯಾಕ?

ಹೆಂಡತಿಯ ಜೊತೆ ಉಣ್ಣುವುದಕ್ಕೆ ಎಂದು ಅರ್ಧ ಓಣಿಯ ಮುಂದೆ ಹೇಳುವ ಗಂಡಸು ಬಾಗೇವಾಡಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮಾನಪ್ಪ ತೊದಲಿದ. ಮೂವತ್ತು ಜನರನ್ನು ಕಂಡ ಇಬ್ರಾಹಿಂಸಾಬ ಮಾತ್ರ ಹಿಗ್ಗಿಹೋದ.

ಇಬ್ರಾಹಿಂಸಾಬ: ಬರ್ರಿ, ಬರ್ರಿ! ಕುಂಡರ್ರಿ! ಈಗ ಅಳತಿ ಸರಿ ಆತ ನೋಡ್ರಿ!

ಮಾನಪ್ಪ ನಿಟ್ಟುಸಿರು ಬಿಟ್ಟು ಮೇನ್ ಸ್ವಿಚ್ ಹಾಕಿದ. ಜನ ಅಂಗಳದಲ್ಲಿ ಸಾಲಾಗಿ ಕುಳಿತರು. ರಾಜೇಶ್ವರಿ ಎಂದಿನಂತೆ ಸೆರಗು ಸಿಗಿಸಿ ಸೌಟಿಗೆ ಕೈ ಹಾಕಿದಳು. ಅದನ್ನು ಕಂಡ ಮಾನಪ್ಪನಿಗೆ ಎಲ್ಲಿತ್ತೋ ಧೈರ್ಯ, ಬಂತು.

ಮಾನಪ್ಪ: ಸೌಟ ಇಡು! ಯಾರೂ ತುತ್ತ ಎತ್ತಬ್ಯಾಡ್ರಿ. ಮೊದಲ ನಮ್ಮಾಕಿ ಉಣಬೇಕು. ಬಿಸೀದ!

ಓಣಿ ಬಾಯಿ ತೆರೆದು ಕೂತಿತು. ರಾಜೇಶ್ವರಿ ಕೆಂಪಾದಳು. ಗಂಡ ತಾನೇ ಬಡಿಸಿದ ತಾಟಿನ ಮುಂದೆ ಕುಳಿತು, ಹಬೆಯಾಡುವ ಅನ್ನಕ್ಕೆ ಎಣಗಾಯಿ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಮೂವತ್ತು ಜನ ಅವಳು ಅಗಿಯುವುದನ್ನೇ ನೋಡಿದರು. ಅವಳ ಕಣ್ಣಲ್ಲಿ ನೀರು ತುಂಬಿತು.

ಮಾನಪ್ಪ: ಖಾರ ಆತೇನ?

ರಾಜೇಶ್ವರಿ: ಇಲ್ರಿ. ಎಷ್ಟ ಬಿಸಿ ಐತ್ರಿ! ಛಲೋ ಐತಿ. ಆದ್ರ…

ಇಬ್ರಾಹಿಂಸಾಬ: ಆದ್ರ?

ರಾಜೇಶ್ವರಿ: ಉಪ್ಪ ಇಲ್ಲರಿ ಅಣ್ಣಾರ.

ಇಬ್ರಾಹಿಂಸಾಬ ಡಬರಿ ಹಿಡಿದುಕೊಂಡೇ ಕುಸಿದು ಕುಳಿತ. ಮಾನಪ್ಪ ಅಟ್ಟದ ಮೇಲಿಂದ ಡಬ್ಬಿ ಇಳಿಸಿ ಕೊಟ್ಟ. ರಾಜೇಶ್ವರಿ ಒಂದು ಚಿಟಿಕೆ ಉಪ್ಪನ್ನು ತನ್ನ ತಾಟಿಗೆ ಉದುರಿಸಿ, ತಾಟನ್ನು ಗಂಡನತ್ತ ಅರ್ಧ ಸರಿಸಿದಳು.

ರಾಜೇಶ್ವರಿ: ಇಬ್ಬರಿಗೆ ಇಷ್ಟ ಸಾಕ್ರಿ. ಕುಂಡರ್ರಿ, ಆರಿ ಹೋಗತೈತಿ.

ಸುಮಿತ್ರಾಬಾಯಿ: ನೋಡ್ರವಾ, ಒಂದ ತಾಟಿನಾಗ! ಮತ್ತೊಮ್ಮೆ ಮದಿವಿ ಭೂಮದ ಊಟಕ್ಕ ಕುಂತ್ರಲ್ಲ!

ಮಾನಪ್ಪ ತಲೆ ಎತ್ತಲಿಲ್ಲ, ಆದರೆ ಕುಳಿತ. ಅತ್ತ ಇಬ್ರಾಹಿಂಸಾಬ ಬೆರಳು ಮಡಚತೊಡಗಿದ್ದ.

ಇಬ್ರಾಹಿಂಸಾಬ: ಇಬ್ಬರಿಗೆ ಒಂದ ಚಿಟಿಕಿ… ಹಂಗಾದ್ರ ಐದನೂರ ಮಂದಿಗೆ…

ಮಾನಪ್ಪ: ಲೇ, ಇಬ್ಬರ ಅಳತಿ ನಿನಗ ಈಗ ಬಂದೇತಿ. ಅಲ್ಲೇ ನಿಂದರು, ಮುಂದ ಎಣಸಬ್ಯಾಡ!