ಸ್ಪ್ಯಾನರಣ್ಣನ ಒಂದೂವರೆ ಕಾರು

ನಮ್ಮ ಬೀದಿಯ ಸ್ಪ್ಯಾನರಣ್ಣ ಒಮ್ಮೆ ಎಂಥ ವೇಗದಲ್ಲಿ ಕಾರು ಓಡಿಸಿದನೆಂದರೆ, ಕಾರಿನ ನೆರಳು ಹಿಂದೆ ಬಿದ್ದು, ಏದುಸಿರು ಬಿಡುತ್ತಾ, ಕೊನೆಗೆ ಒಂದು ಮರದ ಕೆಳಗೆ ಕುಳಿತುಬಿಟ್ಟಿತು. ನಗಬೇಡಿ. ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಹಗಲಿಡೀ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಈ ಮನುಷ್ಯ ಮನೆಗೆ ಬಂದರೆ ಸ್ಪ್ಯಾನರ್ ಕೆಳಗಿಡುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ. ಅಂಗಳದಲ್ಲಿ ಎರಡು ಕಾರು. ಒಂದು ತಾತನ ಕಾಲದ, ಮೇಲೆ ಹೊದಿಕೆಯಿಲ್ಲದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಇನ್ನೊಂದು, ಮದುವೆಯ ದಿನ ಗಂಡಹೆಂಡಿರನ್ನು ಮನೆಗೆ ಕರೆತಂದ ಬೂದು ಬಣ್ಣದ ದೊಡ್ಡ ಕಾರು. ಎರಡೂ ಒಂದೇ ಕಂಪನಿಯವು, ಒಂದೇ ಥರದ ಎಂಜಿನ್ನು. ಅವನಿಗೆ ಅಷ್ಟು ಸಾಕಾಯಿತು. ಹನ್ನೊಂದು ವರ್ಷದಲ್ಲಿ ಬೂದು ಕಾರಿನ ಕನ್ನಡಿ, ಹಿಡಿಕೆ, ದೀಪ, ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರ್ ಒಂದೊಂದಾಗಿ ಕೆಂಪು ಕಾರಿಗೆ ವಲಸೆ ಹೋದವು. ಬೂದು ಕಾರು ಹಲ್ಲುಸೆಟ್ಟು ಕಳೆದುಕೊಂಡ ಅಜ್ಜಿಯ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು.

"ನಿನ್ನ ಕೂದಲು ಬೆಳ್ಳಗಾಗೋದ್ರೊಳಗೆ ಕೆಂಪು ಕಾರಲ್ಲಿ ಒಂದು ಸುತ್ತು ಕರ್ಕೊಂಡು ಹೋಗ್ತೀನಿ" ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಕೂದಲು ಅವನಿಗೆ ಕಾಯದೆ ಅರ್ಧ ಬೆಳ್ಳಗಾಗಿತ್ತು.

ಆ ಭಾನುವಾರ ಮಾತು ಉಳಿಸಿಕೊಳ್ಳುವ ದಿನ. ಕೊರತೆಯಿದ್ದದ್ದು ಒಂದೇ: ಪ್ಲಗ್ಗುಗಳಿಗೆ ಕಿಡಿ ಹಂಚುವ, ಹೆಬ್ಬೆರಳಿನಷ್ಟು ಗಾತ್ರದ ರೋಟರ್. ಕೆಂಪು ಕಾರಿನದು ಬಿರುಕು ಬಿಟ್ಟಿತ್ತು. ಬೆಳಿಗ್ಗೆ ಎದ್ದವನೇ ಬೂದು ಕಾರಿನದನ್ನು ಬಿಚ್ಚಿ ಜೇಬಿಗಿಳಿಸಿದ. "ಮಧ್ಯಾಹ್ನ ಗುಜರಿಯವನು ಬಂದು ಈ ಹಳೇದನ್ನ ಎತ್ಕೊಂಡು ಹೋಗ್ತಾನೆ ಕಣೇ" ಎಂದು ಹೆಂಡತಿಗೆ ಕೂಗಿ ಹೇಳಿ, ಗಡ್ಡ ಮಾಡಿಸಿಕೊಳ್ಳಲು ಹೋದ. ಅವಳು ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನದಿದ್ದರೆ ಗಡ್ಡವನ್ನು ನಾಳೆಗಿಟ್ಟು ಮನೆಯಲ್ಲೇ ಇರಬೇಕು ಎಂಬ ಬುದ್ಧಿ ಅವನಿಗಿರಲಿಲ್ಲ.

ವಾಪಸು ಬಂದಾಗ ಅಂಗಳದ ಮುಂದೆ ಮೂರು ಸಾವಿರ ಜನ. ಎಲ್ಲರಿಗಿಂತ ಮುಂದೆ, ಕೆಂಪು ಕಾರಿನ ಸೀಟು ಹೊಲಿದ ಪಕ್ಕದ ಮನೆಯ ದರ್ಜಿ ಮಾವ.

"ಏನಪ್ಪಾ ಮದುಮಗ, ಹೊರಡುತ್ತೋ, ತಳ್ಳಬೇಕೋ? ತಳ್ಳೋದಾದ್ರೆ ತಿಂಡಿ ತಿಂದು ಬರ್ತೀನಿ."

"ದೂರ ನಿಂತ್ಕೊಳ್ಳಿ ಮಾವ. ಗಾಳಿಗೆ ಹಾರಿಹೋದೀರಿ!"

ಸ್ಪ್ಯಾನರಣ್ಣ ಒಡವೆ ಪೆಟ್ಟಿಗೆ ತೆರೆಯುವವನ ಹಾಗೆ ಬಾನೆಟ್ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಕಾರ್ಬುರೇಟರ್ ಇದ್ದಲ್ಲಿ ತೂತು. ಎರಡು ಕಾರಿಗೂ ಸೇರಿ ಇದ್ದ ಒಂದೇ ಬ್ಯಾಟರಿಯ ಜಾಗದಲ್ಲಿ ಧೂಳಿನ ಚೌಕ.

"ಕಳ್ಳತನ! ಮಾವ, ಕಳ್ಳತನ ಆಗಿದೆ!"

"ಛೆ ಛೆ, ಬೆಳಿಗ್ಗೆಯಿಂದ ನಾನು ಇಲ್ಲೇ ಇದ್ದೀನಲ್ಲೋ" ಎಂದು ದರ್ಜಿ ಮಾವ ಆಕಾಶ ನೋಡಿದರು. ಅವರ ಅಂಗೈಗೆಲ್ಲ ಗ್ರೀಸು ಮೆತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಸದ್ದು. ಕರ್ರ್... ಕರ್ರ್... ಬೂದು ಕಾರು! ಸ್ಟೀರಿಂಗಿನ ಹಿಂದೆ ಹೆಂಡತಿ.

"ಏನೇ ಇದು?"

"ಹತ್ತರ ಸ್ಪ್ಯಾನರ್ ಕೊಡು, ಹನ್ನೆರಡರದ್ದು ಕೊಡು ಅಂತ ಹನ್ನೊಂದು ವರ್ಷ ಕೈ ಚಾಚಿದ್ರಲ್ಲ ರೀ, ಕೊಡ್ತಾ ಕೊಡ್ತಾ ಕಲಿತೆ. ಇದರದ್ದನ್ನ ಇದಕ್ಕೇ ಹಾಕಿದೀನಿ. ಗುಜರಿಯವನು ಬರೋ ಮುಂಚೆ ಒಂದೇ ಒಂದು ಸುತ್ತು. ಮದುವೆ ದಿನ ನಾಚಿಕೊಂಡು ತಲೆ ತಗ್ಗಿಸಿ ಕೂತಿದ್ದೆ, ದಾರೀನೇ ನೋಡ್ಲಿಲ್ಲ. ಇವತ್ತು ನೋಡಬೇಕು."

ಮತ್ತೆ ಕೀ ತಿರುಗಿಸಿದಳು. ಕರ್ರ್... ಕರ್ರ್... "ಎಲ್ಲಾ ಸರಿಯಾಗೇ ಹಾಕಿದೀನಲ್ಲ" ಎನ್ನುತ್ತಾ ಸ್ಟೀರಿಂಗಿನ ಮೇಲೆ ಬಾಗಿ ಬಾನೆಟ್ಟಿನ ಕಡೆ ನೋಡಿದಳು.

ಸ್ಪ್ಯಾನರಣ್ಣನ ಕೈ ಜೇಬಿಗೆ ಹೋಯಿತು. ರೋಟರ್ ಬೆಚ್ಚಗಿತ್ತು. ಕೆಂಪು ಕಾರಿನ ಕಡೆ ತಿರುಗಿದ. ಅದು ಬೂದು ಕಾರಿನ ಕಣ್ಣುಗಳಿಂದಲೇ ಅವನನ್ನು ದಿಟ್ಟಿಸಿತು. ಹನ್ನೊಂದು ವರ್ಷ! ನಿಟ್ಟುಸಿರು ಬಿಟ್ಟು, ಬೂದು ಕಾರಿನ ಬಾನೆಟ್ ಎತ್ತಿ, ರೋಟರನ್ನು ಅದರ ಜಾಗದಲ್ಲಿ ಕೂರಿಸಿ, ಹೆಂಡತಿಯ ಪಕ್ಕದಲ್ಲಿ ತಾನೂ ಕೂತ.

ಎಂಜಿನ್ನು ಗುಡುಗಿತು! ಕಾರು ಬೀದಿ ದಾಟಿತು, ಊರು ದಾಟಿತು, ಏಳು ಬೆಟ್ಟ ಏರಿ ಇಳಿಯಿತು, ಪಾಪ, ಅದರ ನೆರಳು...

"ರೀ."

ನನ್ನ ಹೆಂಡತಿ. ನಾನು ಬರೆಯುತ್ತಿರುವುದನ್ನು ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಏಳು ಬೆಟ್ಟ ಯಾವುದು ರೀ? ಮೂರು ಸಾವಿರ ಜನ ಎಲ್ಲಿಂದ ಬಂದ್ರು? ದರ್ಜಿ ಮಾವ, ಅವರ ಹೆಂಡ್ತಿ, ಒಂದು ನಾಯಿ. ಮತ್ತೆ ಓಡಿಸಿದ್ದು ಯಾರು? ಪೆಟ್ರೋಲ್ ಎಲ್ಲಿತ್ತು? ಅದನ್ನೂ ಬರೀರಿ."

ಸರಿ, ಸಿಕ್ಕಿಬಿದ್ದೆ. ಸ್ಪ್ಯಾನರಣ್ಣ ಅಂದರೆ ನಾನೇ. ಓಡಿಸಿದ್ದು ಅವಳು. ಪೆಟ್ರೋಲನ್ನೆಲ್ಲ ನಾನು ಹಿಂದಿನ ದಿನವೇ ಪೈಪು ಹಾಕಿ ಕೆಂಪು ಕಾರಿಗೆ ಎಳೆದುಕೊಂಡಿದ್ದೆ. ಕಾರ್ಬುರೇಟರಿನ ತಳದಲ್ಲಿದ್ದ ನಾಲ್ಕು ತೊಟ್ಟನ್ನು ನಂಬಿ ಬೀದಿಯ ತಿರುವಿನವರೆಗೆ ಹೋದ ಕಾರು ಅಲ್ಲೇ ಕೆಮ್ಮಿ ನಿಂತಿತು. ದಾರಿ ನೋಡಬೇಕೆಂದಿದ್ದವಳಿಗೆ ಕಂಡದ್ದು ಆರು ಮನೆ, ಒಂದು ಮರ. ಅದಕ್ಕೇ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗುಜರಿಯವನು ಅಲ್ಲಿಗೇ ಬಂದಾಗ "ಓಡೋ ಕಾರು ಕಣಪ್ಪಾ, ಕೊಡಲ್ಲ" ಅಂದುಬಿಟ್ಟಳು. ಅಂಗಳದಲ್ಲಿ ಈಗಲೂ ಎರಡು ಕಾರುಗಳಿವೆ, ಸಾಮಾನು ಒಂದಕ್ಕಾಗುವಷ್ಟು. ಸ್ಪ್ಯಾನರ್ ಅವಳ ಕೈಯಲ್ಲಿದೆ. ಕೇಳಿದಾಗ ಎತ್ತಿಕೊಡುವುದು ನನ್ನ ಕೆಲಸ.

ಆದರೆ ನೆರಳು ಮರದ ಕೆಳಗೆ ಕುಳಿತದ್ದು ಮಾತ್ರ ನಿಜ. ಸಂಜೆಯವರೆಗೂ ಅದರ ಪಕ್ಕದಲ್ಲೇ ನಾವಿಬ್ಬರೂ ಕುಳಿತಿದ್ದೆವು.